ಧಾರವಾಡದ ಪ್ರೊಡ್ಯೂಸರ್ ವರ್ಕ್‌ಶಾಪು: ಶನಿವಾರ ದಂಡ, ರವಿವಾರ ಚಲೋ

ಸಿನಿಮಾ, ಟಿವಿ ಪ್ರೊಡ್ಯೂಸರ್ ಕೆಲಸ ಹೇಳಿಕೊಡೂ ವರ್ಕ್‌ಶಾಪಿನಾಗ 3,500 ರೂಪಾಯಿ ಕೊಟ್ಟು ಎರಡು ದಿನ ಕುಂತ ಬಂದೇನಿ, ಹಂಗಾಗಿ ಬರಿಯೂ ಹಕ್ಕೈತಿ ಅಂತ ಬರ್ಯಾಕತ್ತೇನಿ. ನಡೆಸಿದವರ ಹೆಸರು ಹಾಕಂಗಿಲ್ಲ, ಯಾಕಂದ್ರ ಇದರಾಗ ಬೈಯೂದೂ ಐತಿ ಹೊಗಳೂದೂ ಐತಿ, ಮತ್ತ ನಾಳೆ ಅವರು ಎದುರಿಗೆ ಸಿಕ್ರ ಮಾರಿ ನೋಡಬೇಕಲ್ಲ. ಬಸ್ ಸ್ಟ್ಯಾಂಡ್ ಗ್ವಾಡಿ ಮ್ಯಾಲೆ ಹಳದಿ ಪೋಸ್ಟರ್ ನೋಡಿದವರಿಗೆ ಹೆಂಗೂ ತಿಳೀತೈತಿ.

ನಾನು ಗದಗದಾಗ ಹನ್ನೊಂದು ವರ್ಷದಿಂದ ಮದುವಿ ವಿಡಿಯೋ ಸ್ಟುಡಿಯೋ ಇಟ್ಕೊಂಡಾಂವ. ಎರಡು ಕ್ಯಾಮೆರಾ, ಒಂದು ಡ್ರೋನ್, ಇಬ್ರು ಹುಡುಗ್ರು, ಊರ ತುಂಬ ಬಾಕಿ. ಸ್ವಂತ ಒಂದು ಟೆಲಿಫಿಲ್ಮೋ ಸಣ್ಣ ಸಿನಿಮಾನೋ ಮಾಡಬೇಕು ಅನ್ನೂ ಹುಳ ತಲಿಯಾಗ ಹೊಕ್ಕು ಮೂರು ವರ್ಷ ಆತು. ಕತಿ ಐತಿ, ಡೈರೆಕ್ಷನ್ ಮಾಡ್ತೇನಿ ಅನ್ನೂ ಗೆಳ್ಯಾ ಅದಾನ, ಕ್ಯಾಮೆರಾ ಹೆಂಗೂ ನಂದ. ಇಲ್ಲದ್ದು ಏನಂದ್ರ ಪ್ರೊಡ್ಯೂಸರ್ ಅನ್ನಾಂವ ಖರೇನ ಏನ ಮಾಡ್ತಾನ ಅನ್ನೂದರ ಅರಿವು. ರೊಕ್ಕ ಹಾಕಾಂವ ಪ್ರೊಡ್ಯೂಸರ್, ಅಷ್ಟ ತಿಳದಿದ್ದೆ. ಇದು ತಪ್ಪು ಅಂತ ಗೊತ್ತಾಗಾಕ ರವಿವಾರ ಮಧ್ಯಾಹ್ನ ಬರಬೇಕಾತು.

ಶನಿವಾರದ ಕತಿ ಲಗೂನ ಮುಗಸ್ತೇನಿ. 9.30ಕ್ಕ ಚಾಲೂ ಅಂತ ಮೆಸೇಜ್ ಹಾಕಿದ್ರು, ನಾ ಪಾಪ ಬೆಳಿಗ್ಗೆ ಟ್ರೇನ್ ಹಿಡದು ಹುಬ್ಬಳ್ಳಿಗೆ ಬಂದು, ಅಲ್ಲಿಂದ ಚಿಗರಿ ಬಸ್ಸಿನಾಗ ನಿಂತ್ಕೊಂಡ ಧಾರವಾಡಕ್ಕ ಹೋಗಿ, ನಾಷ್ಟಾನೂ ಮಾಡದ 9.20ಕ್ಕ ಹಾಲ್ ಮುಂದ ನಿಂತ್ರ ಹಾಲಿನ ಕೀಲಿನ ತಗದಿರಲಿಲ್ಲ. ಚಾಲೂ ಆಗಿದ್ದು 11.20ಕ್ಕ. ದೀಪ ಹಚ್ಚಿದ್ರು, ಶಾಲು ಹೊದಿಸಿದ್ರು, ಪೇಢೆ ಬಾಕ್ಸ್ ಕೊಟ್ರು (ನಮಗಲ್ಲ, ಸ್ಟೇಜ್ ಮ್ಯಾಲಿನವರಿಗೆ), ಆಮ್ಯಾಲೆ ಒಬ್ಬ ಸೂಟು ಹಾಕ್ಕೊಂಡಾಂವ ಬಂದು ಎರಡು ತಾಸು "ಕನಸು ಕಾಣ್ರಿ, ದೊಡ್ಡದ ಕಾಣ್ರಿ" ಅಂದ. ಕನಸು ಕಾಣಾಕ ನಾ ಗದಗಿನಿಂದ ಇಲ್ಲೀತನಕ ಯಾಕ ಬರ್ತಿದ್ದೆನೋ ಮಾರಾಯಾ, ಮನ್ಯಾಗ ಫುಕಟ್ ಕಾಣತಿದ್ದೆ. ಊಟ ಆದ ಮ್ಯಾಲೆ "ನೆಟ್‌ವರ್ಕಿಂಗ್" ಅಂತ ಒಂದು ಆಟ ಆಡ್ಸಿದ್ರು, ಬಾಜೂಕಿನವರ ಕೈ ಕುಲುಕಿ ನಿಮ್ಮ ಪ್ಯಾಶನ್ ಏನು ಅಂತ ಕೇಳಬೇಕಂತ. ನನ್ನ ಬಾಜೂಕ ಕುಂತಾವ ಹಾವೇರಿ ಕಡೆ ಹುಡುಗ, ಅವಾ ನನ್ನ ಕೈ ಕುಲುಕಿ "ಅಣ್ಣಾ, ಹೊರಗ ಗಿರ್ಮಿಟ್ ಗಾಡಿ ಎಲ್ಲಿ ನಿಂದರ್ತೈತಿ ಗೊತ್ತೈತೇನ್" ಅಂದ. ಇಡೀ ಶನಿವಾರದಾಗ ಉಪಯೋಗಕ್ಕ ಬಿದ್ದ ಪ್ರಶ್ನಿ ಅಂದ್ರ ಅದೊಂದ.

ಸಂಜಿ ನಾಕು ಗಂಟೆಕ್ಕ ಖರೇ ಮನಷ್ಯಾ ಬಂದ್ರು. ಅವರ ಹೆಸರೂ ಬ್ಯಾಡ, ಸರ್ ಅಂತೇನಿ. ಹುಟ್ಟಿದ್ದು ರಾಣೆಬೆನ್ನೂರ ಕಡೆ ಹಳ್ಳಿ, ವಯಸ್ಸು 65 ದಾಟಿರಬೇಕು, ಮಾಸಿದ ಜುಬ್ಬಾ, ಬಗಲಾಗ ಒಂದು ಬಟ್ಟಿ ಚೀಲ. ಮೈಕ್ ಹಿಡದವರ ಮೊದಲ ಒಂದು ಪ್ರಶ್ನಿ ಕೇಳಿದ್ರು: ಮಾಲ್ಗುಡಿ ಡೇಸ್ ಡೈರೆಕ್ಟರ್ ಯಾರ್ರಿ? ಹಾಲ್ ಪೂರ್ತಿ ಶಂಕರ್ ನಾಗ್ ಅಂತ ಒದರತು. ಪ್ರೊಡ್ಯೂಸರ್ ಯಾರು? ಎಲ್ಲಾರೂ ಗಪ್. ಟಿ.ಎಸ್. ನರಸಿಂಹನ್ ಅಂತ ಅವರ ಹೇಳಿದ್ರು, ಮತ್ತ "ಈ ಕೆಲಸಕ್ಕ ಬರೂದಾದ್ರ ಹಿಂಗ ಗಪ್ ಕುಂದರೂ ಹಾಲಿಗೆ ತಯಾರಾಗಿ ಬರ್ರಿ" ಅಂದು ನಕ್ಕರು. ಅವತ್ತು ಇಷ್ಟ. ಉಳಿದದ್ದು ನಾಳೆ, ಮನಿಗೆ ಹೋಗ್ರಿ ಅಂದ್ರು. ನಾ ಆ ರಾತ್ರಿ ಹುಬ್ಬಳ್ಳಿಯೊಳಗ ಅಕ್ಕನ ಮನ್ಯಾಗ ಉಳದೆ, ವಾಪಸ್ ಗದಗಿಗೆ ಹೋಗಿಬಿಡ್ಲಿ ಅಂತ ಅರ್ಧ ಮನಸ್ಸಿತ್ತು, ಅಕ್ಕ ರೊಕ್ಕ ಕಟ್ಟಿಯಲ್ಲ ಹೋಗು ಅಂತ ಬೈದದ್ದು ಚಲೋ ಆತು.

ರವಿವಾರ. ಸರ್ ಚೀಲದೊಳಗಿಂದ ತಗದದ್ದು ಲ್ಯಾಪ್‌ಟಾಪ್ ಅಲ್ಲರಿ, ಕೆಂಪು ಬಟ್ಟಿ ಬೈಂಡಿನ ಖಾತೆ ಪುಸ್ತಕ, ಕಿರಾಣಿ ಅಂಗಡ್ಯಾಗ ಇರ್ತಾವಲ್ಲ ಅಂಥವು, ಮೂರು. "ಇವ ನೋಡ್ರಿ ನನ್ನ ಬಯೋಡಾಟಾ" ಅಂದ್ರು.

ಮೊದಲ್ನೇ ಪುಸ್ತಕ ದೂರದರ್ಶನದ ಕಾಲದ್ದು. ಕಂಪನಿ ನಾಟಕದಾಗ ಗೇಟ್ ಕಾಯ್ಕೋತ ಇದ್ದ ಹುಡುಗ ಬೆಂಗಳೂರಿಗೆ ಹೋಗಿ ಪ್ರೊಡಕ್ಷನ್ ಬಾಯ್ ಆಗಿ ಚಾ ಕೊಟ್ಟು, ಆಮ್ಯಾಲೆ ಮ್ಯಾನೇಜರ್ ಆಗಿ ಬಾಟಾ, ಅಂದ್ರ ದಿನದ ಭತ್ತೆ, ಹಂಚಿ, ಆಮ್ಯಾಲೆ ಸ್ವಂತ ಬ್ಯಾನರ್ ಮಾಡಿ 13 ಎಪಿಸೋಡಿನ ಧಾರಾವಾಹಿ ತಗದ. ಆವಾಗಿನ ಸ್ಪಾನ್ಸರ್ಡ್ ಸ್ಕೀಮ್ ಹೆಂಗಿತ್ತಂದ್ರ ಎಪಿಸೋಡ್ ಮಾಡೂ ಖರ್ಚೂ ನಿಮ್ದ, ಟೆಲಿಕಾಸ್ಟ್ ಫೀ ಅಂತ ದೂರದರ್ಶನಕ್ಕ ಕಟ್ಟೂದೂ ನೀವ, ಬದಲಿಗೆ ಅವರು ಇಷ್ಟು ಸೆಕೆಂಡ್ ಜಾಹೀರಾತಿನ ಟೈಮ್ ಕೊಡ್ತಿದ್ರು, ಎಫ್‌ಸಿಟಿ ಅಂತಿದ್ರಂತ ಅದಕ್ಕ, ಆ ಸೆಕೆಂಡ್ ತಗೊಂಡು ಸೋಪಿನವ್ರ ಕಡೆ ಅಗರಬತ್ತಿಯವ್ರ ಕಡೆ ತಿರುಗಿ ಮಾರ್ಕೋಬೇಕು. ಅಂದ್ರ ಪ್ರೊಡ್ಯೂಸರ್ ಅಂದ್ರ ಕತಿ ಮಾಡಾಂವ ಅಲ್ಲ, ಸೆಕೆಂಡ್ ಮಾರಾಂವ. ಕೊನೀ ನಾಕು ಎಪಿಸೋಡಿಗೆ ಸ್ಪಾನ್ಸರ್ ಓಡಿಹೋಗಿ, ಹೆಂಡ್ತಿ ಬಂಗಾರ ಅಡ ಇಟ್ಟ ತಾರೀಖೂ ಆ ಪುಸ್ತಕದಾಗ ಬರದಿದ್ರು, ನಾ ಮುಂದ ಹೋಗಿ ನೋಡಿ ಬಂದೆ, ಕೆಂಪು ಇಂಕಿನಾಗ.

ಎರಡನೇ ಪುಸ್ತಕ ಖಾಸಗಿ ಚಾನಲ್ಲಿನ ಕಾಲದ್ದು, ಉದಯ 1994ರಾಗ ಬಂದ ಮ್ಯಾಲೆ ಒಂದೊಂದ ಶುರುವಾದ್ವಲ್ಲ ಅವು. ಈಗ ಜಾಹೀರಾತು ಮಾರೂ ಚಿಂತಿ ಇಲ್ಲ, ಚಾನಲ್ಲಿನವರ ಎಪಿಸೋಡಿಗೆ ಇಷ್ಟು ಅಂತ ಕೊಡ್ತಾರ, ಆದ್ರ ಧಾರಾವಾಹಿ ಹಕ್ಕು ಅವರದ. ಇಲ್ಲಿ ಸರ್ ಬೋರ್ಡ್ ಮ್ಯಾಲೆ ಹಾಕಿದ ಲೆಕ್ಕ ನಾ ಫೋಟೋ ತಗೊಂಡೇನಿ, ಸುಮ್ಮ ತಿಳೀಲಿ ಅಂತ ಹಿಡದ ಅಂಕಿ, ಯಾವ ಚಾನಲ್ ರೇಟೂ ಅಲ್ಲ. ಎಪಿಸೋಡಿಗೆ 1 ಲಕ್ಷ ಕೊಡ್ತಾರ, ನಿಮ್ಮ ಖರ್ಚು 90 ಸಾವಿರ. ತಿಂಗಳಿಗೆ 25 ಎಪಿಸೋಡ್. ಲಾಭ ಎರಡೂವರಿ ಲಕ್ಷ, ಎಲ್ಲಾರೂ ಖುಷ್. "ಈಗ ಬಿಲ್ ಆಗಿ ರೊಕ್ಕ ಬರಾಕ 90 ದಿನ ಅಂತ ಹಿಡೀರಿ" ಅಂದ್ರು. ಮೊದಲ ಚೆಕ್ ಬರೂತನಕ ನೀವು ಕೈಯಿಂದ ಹಾಕಿದ್ದು ಅರವತ್ತೇಳೂವರಿ ಲಕ್ಷ. ಎರಡು ರೂಪಾಯಿ ಬಡ್ಡಿಯಂಗ ತಂದಿದ್ರ ತಿಂಗಳಿಗೆ 1 ಲಕ್ಷ 35 ಸಾವಿರ ಫೈನಾನ್ಸರ್‌ಗೆ. ಲಾಭದಾಗ ಉಳೀತು 1 ಲಕ್ಷ 15 ಸಾವಿರ. ಮುಗೀಲಿಲ್ಲ, 25 ಲಕ್ಷದ ಬಿಲ್ಲಿಗೆ 18 ಪರ್ಸೆಂಟ್ ಜಿಎಸ್‌ಟಿ, ನಾಕೂವರಿ ಲಕ್ಷ, ನೀವು ಖರ್ಚಿನ ಮ್ಯಾಲೆ ಮೊದಲ ಕಟ್ಟಿದ ಜಿಎಸ್‌ಟಿ (ಇನ್‌ಪುಟ್ ಕ್ರೆಡಿಟ್) ಕಳದು ಉಳಿದದ್ದು ಮುಂದಿನ ತಿಂಗಳ ಸರಕಾರಕ್ಕ ಕಟ್ಟಬೇಕು, ಚಾನಲ್ಲಿನಿಂದ ನಿಮಗ ರೊಕ್ಕ ಬಂದಿರ್ಲಿ ಬಿಡ್ಲಿ. ಮ್ಯಾಲೆ ಅವರು ಟಿಡಿಎಸ್ ಅಂತ ಮೊದಲ ತೆರಿಗಿ ಹಿಡದು ಕೊಡ್ತಾರ. ಇಷ್ಟೆಲ್ಲಾ ನಡದಾಗ ಗುರುವಾರ ಟಿಆರ್‌ಪಿ ಬಿತ್ತು, ಧಾರಾವಾಹಿ ಬಂದ್ ಅಂತ ಫೋನ್ ಬಂತು ಅಂದ್ರ ಸೆಟ್ ಹಾಕಿದ ಮನಿ ಬಾಡಿಗಿ ಅಡ್ವಾನ್ಸ್ ಎಲ್ಲಾ ನಿಮ್ಮ ತಲಿ ಮ್ಯಾಲೆ.

ನನಗ ಇಲ್ಲಿ ಬೆವರು ಬಂತು ಖರೆ, ಆದ್ರ ಹೊಸದೇನೂ ಅನಿಸಲಿಲ್ಲ, ಯಾಕಂದ್ರ ನಾ ಹನ್ನೊಂದು ವರ್ಷದಿಂದ ಮಾಡಾಕತ್ತಿದ್ದು ಇದನ್ನ. ಮದುವಿ ಸೀಜನ್ನಾಗ ಹುಡುಗ್ರ ಪಗಾರ, ಆಲ್ಬಮ್ ಪ್ರಿಂಟು, ಗಾಡಿ ಡೀಸೆಲ್ ಎಲ್ಲಾ ಕೈಯಿಂದ ಹಾಕೂದು, ಮದುವಿ ಆದ ಮ್ಯಾಲೆ ಹುಡುಗಿ ಅಪ್ಪ ಫೋನ್ ಎತ್ತಂಗಿಲ್ಲ, ಕೂಸಿನ ಹೆಸರಿಡೂ ಫಂಕ್ಷನ್ನಿಗೆ ಮತ್ತ ಕರದಾಗ ಹಳೇ ಬಾಕಿ ಕೊಡ್ತಾರ. ಟೀ ಬ್ರೇಕಿನಾಗ ಸರ್‌ಗೆ ಇದನ್ನ ಹೇಳಿದೆ. ಅವರು "ನಿನಗ ಹಂಗಾದ್ರ ಬಾಕಿ ವಸೂಲಿ ಬರ್ತೈತಿ, ಈ ಹಾಲಿನಾಗ ಕುಂತವರಲ್ಲಿ ಅರ್ಧ ಪ್ರೊಡ್ಯೂಸರ್ ನೀನ" ಅಂದ್ರು. ಇದು ಹೊಗಳಿಕೆನೋ ಬೈಗಳವೋ ಇನ್ನೂ ತಿಳದಿಲ್ಲ.

ಕಾನೂನಿನ ಒಂದು ಮಾತು ಮಾತ್ರ ಬರಕೊಂಡೇನಿ, ಅದು ನನಗ ಭಾಳ ಹಿಡಿಸ್ತು. 1957ರ ಕಾಪಿರೈಟ್ ಆ್ಯಕ್ಟ್ ಪ್ರಕಾರ ಸಿನಿಮಾದ ಕರ್ತೃ ಅಂದ್ರ ಡೈರೆಕ್ಟರ್ ಅಲ್ಲ, ಪ್ರೊಡ್ಯೂಸರ್. ಪ್ರೊಡ್ಯೂಸರ್ ಅಂದ್ರ ಯಾರು ಅನ್ನೂದಕ್ಕ ಆ ಕಾನೂನಿನಾಗ ರೊಕ್ಕದ ಮಾತ ಇಲ್ಲಂತ, ಕೆಲಸಕ್ಕ ಮುಂದಾಗಿ ಕೈ ಹಾಕಿ ಹೊಣಿ ಹೊತ್ತಾಂವ ಅಂತ ಐತಿ. ಬಿಡುಗಡೆ ಆದ ಮ್ಯಾಲೆ 60 ವರ್ಷ ಹಕ್ಕು. ಸರ್ ಇದಕ್ಕ ನಮ್ಮ ಕಡೆ ನಾಟಕ ಕಂಪನಿ ಮಾಲಕರ ಉದಾಹರಣಿ ಕೊಟ್ರು, ಏಣಗಿ ಬಾಳಪ್ಪನವರು ಪಾರ್ಟೂ ಮಾಡ್ತಿದ್ರು ಕಂಪನಿಯೂ ನಡಸ್ತಿದ್ರು, ಕ್ಯಾಂಪಿನಾಗ ಮಳಿ ಬಂದು ಕಲೆಕ್ಷನ್ ಇಲ್ಲಂದ್ರೂ ಐವತ್ತು ಮಂದಿ ಊಟ ನಿಲ್ಲಂಗಿಲ್ಲ, ಗದಗಿನ ಪಂಚಾಕ್ಷರಿ ಗವಾಯಿಗಳ ನಾಟಕ ಕಂಪನಿ ಅಂತೂ ಅಂಧ ಮಕ್ಕಳ ಆಶ್ರಮದ ಹೊಟ್ಟಿ ಹೊರ್ಯಾಕ ಊರೂರು ತಿರುಗಿತು, ಅವರಿಗ್ಯಾರೂ ಪ್ರೊಡ್ಯೂಸರ್ ಅನ್ನಲಿಲ್ಲ ಅಷ್ಟ. ನಾನು ಗದಗದಾಂವ ಆಗಿ ಇದನ್ನ ಹಿಂಗ ಎಂದೂ ವಿಚಾರ ಮಾಡಿರಲಿಲ್ಲ, ಆಶ್ರಮದ ಮುಂದ ದಿನಾ ಗಾಡಿ ಹೊಡಕೊಂಡ ಹೋಗ್ತೇನಿ.

ಮಧ್ಯಾಹ್ನದ್ದು ಪರ್ಮಿಷನ್ ಕ್ಲಾಸು, ಇದು ನನ್ನ ಪ್ರಕಾರ ಪೂರ್ತಿ ವರ್ಕ್‌ಶಾಪಿನ ತಿರುಳು. ನೆನಪೈತಲ್ಲ ಗಿರ್ಮಿಟ್ ಹುಡುಗ, ಅವಂದು ಕೊಬ್ಬರಿ ಹೋರಿ ಕತಿ, ದೀಪಾವಳಿ ಆದ ಮ್ಯಾಲೆ ಹಾವೇರಿ ಕಡೆ ಹೋರಿ ಬೆದರಿಸ್ತಾರಲ್ಲ, ಅದರ ಮ್ಯಾಲೆ ಸಿನಿಮಾ, ಊರಾಗ ಹೋರಿನೂ ರೆಡಿ ಅದಾವಂತ. ಸರ್ ಕೇಳಿದ್ರು, ಪ್ರಾಣಿ ಕಲ್ಯಾಣ ಮಂಡಳಿ ಪರ್ಮಿಷನ್ ತಗೊಂಡೀಯೇನು? ಹುಡುಗ ಅಂದ, ಹೋರಿ ನಮ್ಮ ಮಾಮಾಂದ ಸರ. ಎಲ್ಲಾರೂ ನಕ್ರು. ಆದ್ರ ಮಾತು ಖರೆ, 2001ರ ನಿಯಮದ ಪ್ರಕಾರ ಸಿನಿಮಾದಾಗ ಪ್ರಾಣಿ ತೋರ್ಸೂದಿದ್ರ ಶೂಟಿಂಗ್ ಮೊದಲ ಅನುಮತಿ ಬೇಕು, ಅದರ ಆಫೀಸು ಇರೂದು ಹರಿಯಾಣದ ಬಲ್ಲಭಗಢದಾಗ, ಆಮ್ಯಾಲೆ ಸೆನ್ಸಾರಿಗೆ ಹೋದಾಗ ಆ ಮಂಡಳಿಯ ತಕರಾರಿಲ್ಲ ಅನ್ನೂ ಪತ್ರ (ಎನ್‌ಒಸಿ) ಕೇಳ್ತಾರ. ಎತ್ತಿನ ಗಾಡಿ ಸುಮ್ಮ ಹಾದು ಹೋಗೂ ಸೀನಿಗೂ ಅಷ್ಟ. ನಮ್ಮ ಕಡೆ ಕತಿಯೊಳಗ ಎತ್ತಿಲ್ಲದ ಹಳ್ಳಿ ಎಲ್ಲಿಂದ ತರೂದ್ರಿ? ಹುಡುಗನ ಮಾರಿ ಸಪ್ಪಗಾತು. ಸರ್ ಅವನ್ನ ಬಿಡಲಿಲ್ಲ, ಕುಂತು ಅರ್ಜ್ಯಾಗ ಏನೇನು ಬರೀಬೇಕು, ದನದ ಡಾಕ್ಟರ ಸರ್ಟಿಫಿಕೇಟು, ಸೀನಿನ ವಿವರ, ಎಲ್ಲಾ ಹೇಳಿಕೊಟ್ರು.

ನನ್ನ ಕತಿಯೊಳಗ ಲಕ್ಕುಂಡಿ ಗುಡಿ ಐತಿ. ಅಲ್ಲಿ ಪುರಾತತ್ವ ಇಲಾಖೆಯವರ ಅನುಮತಿ ಬೇಕಂತ, ಅದೂ ಮುಂಚೇನ ಅರ್ಜಿ ಹಾಕಿ ಫೀ ಕಟ್ಟಿ. ಮದುವಿ ಮುಂಚಿನ ಫೋಟೋ ಶೂಟಿಗೆ ಅಲ್ಲಿ ಹೋಗಿ ವಾಚ್‌ಮನ್ ಕಡೆ ಬೈಸಿಕೊಂಡ ಅನುಭವ ನನಗ ಐತಿ, ಅದಕ್ಕ ಗಪ್ ಕುಂತು ಬರಕೊಂಡೆ. ಹಂಗ ಹುಬ್ಬಳ್ಳಿ ಸ್ಟೇಷನ್ ಪ್ಲಾಟ್‌ಫಾರ್ಮು, 1,507 ಮೀಟರಿಂದು, ಜಗತ್ತಿನಾಗ ಉದ್ದದ್ದು, ಅಲ್ಲಿ ಒಂದು ಸೀನ್ ತಗಿಬೇಕು ಅಂತ ಮೂರು ಮಂದಿಗೆ ಆಸೆ ಇತ್ತು. ನೈಋತ್ಯ ರೈಲ್ವೆ ಹೆಡ್ ಆಫೀಸು ಹುಬ್ಬಳ್ಳಿಯೊಳಗ ಗದಗ ರಸ್ತಾದಾಗ ಐತಲ್ಲ, ಬೆಂಗಳೂರಿನವ್ರು ಇದಕ್ಕ ಇಲ್ಲಿ ಬರಬೇಕು, ನೀವು ಆಟೋದಾಗ ಹೋಗ್ರಿ ಅಂದ್ರು ಸರ್. ಎಲ್ಲಾದಕ್ಕೂ ಬೆಂಗಳೂರಿಗೆ ಓಡೂ ನಮ್ಮ ಜನ್ಮಕ್ಕ ಇದೊಂದರ ಸುಖ ಇರ್ಲಿ. ಉಳಿದದ್ದಕ್ಕ ಓಡೂದು ತಪ್ಪಂಗಿಲ್ಲ, ಟೈಟಲ್ ರಿಜಿಸ್ಟ್ರೇಷನ್ನಿಗೆ ಫಿಲ್ಮ್ ಚೇಂಬರ್ ಅಲ್ಲೇ, ಸೆನ್ಸಾರ್ ಅರ್ಜಿ ಆನ್‌ಲೈನ್ ಆದ್ರೂ ಸಿನಿಮಾ ನೋಡೂ ಆಫೀಸು ಅಲ್ಲೇ. ಈಗ ಯು/ಎ ಸರ್ಟಿಫಿಕೇಟಿನಾಗ ಮತ್ತ ವಯಸ್ಸಿನ ಮ್ಯಾಲೆ 7+, 13+, 16+ ಅಂತ ಬೇರೆ ಮಾಡ್ಯಾರ, 2023ರ ತಿದ್ದುಪಡಿ ಆದ ಮ್ಯಾಲೆ. ಹೀರೋ ಬೀಡಿ ಸೇದಿದ್ರ ಸುರು ಮತ್ತ ನಡುವ ಎಚ್ಚರಿಕೆ ಸ್ಪಾಟ್ ಹಾಕೂದು, ಅದಂತೂ ನೀವು ಥೇಟರಿನಾಗ ನೋಡೇ ಇರ್ತೀರಿ.

ಮೂರನೇ ಖಾತೆ ಪುಸ್ತಕ ಸಿನಿಮಾದ್ದು, ಭಾಳ ತೆಳ್ಳಗಿತ್ತು. ಒಂದ ಸಿನಿಮಾ ಮಾಡ್ಯಾರ, ಸೈಟು ಹೋತು. ಶೂಟಿಂಗ್ ಮುಗದು ಕುಂಬಳಕಾಯಿ ಒಡದ ದಿನಾ ಅರ್ಧ ದಾರಿ ಬಂದೇವಿ ಅಂದ್ಕೊಂಡಿದ್ರಂತ, ನೋಡಿದ್ರ ರಿಲೀಸ್ ಖರ್ಚಿಗೆ ರೊಕ್ಕ ಎತ್ತಿಟ್ಟಿರಲಿಲ್ಲ. 150 ರೂಪಾಯಿ ಟಿಕೀಟಿನ ಲೆಕ್ಕ ಹಾಕಿ ತೋರ್ಸಿದ್ರು: ಜಿಎಸ್‌ಟಿ ಹೋಗಿ 127, ಮಲ್ಟಿಪ್ಲೆಕ್ಸ್‌ದವ್ರು ಮೊದಲ ವಾರ ಅರ್ಧ ಕೊಟ್ರ ಅರವತ್ಮೂರು ಚಿಲ್ರೆ, ಡಿಸ್ಟ್ರಿಬ್ಯೂಟರ್ 10 ಪರ್ಸೆಂಟ್ ಕಮಿಷನ್ ಹಿಡದ್ರ ಕೈಗೆ 57. ಇದರಾಗ ಪೋಸ್ಟರು, ಡಿಜಿಟಲ್ ಪ್ರೊಜೆಕ್ಷನ್ ಚಾರ್ಜು ಇನ್ನೂ ಕಳೀಬೇಕು. ಎರಡನೇ ವಾರದಿಂದ ನಮ್ಮ ಪಾಲು ಇಳಕೋತ ಹೋಗ್ತೈತಿ, ಸಿಂಗಲ್ ಸ್ಕ್ರೀನಿನಾಗ ವಾರದ ಬಾಡಿಗಿ ನಾವ ಕಟ್ಟೂದೂ ಇರ್ತೈತಿ. ಮಾರೂ ಮುಂದ ಏರಿಯಾ ಲೆಕ್ಕ, ಬಿಕೆಟಿ ಅಂದ್ರ ಬೆಂಗಳೂರು ಕೋಲಾರ ತುಮಕೂರು, ಅದಕ್ಕ ಬೇರೆ ರೇಟು, ನಮ್ಮ ಮುಂಬೈ ಕರ್ನಾಟಕಕ್ಕ ಬೇರೆ. ಯಾರೋ ಒಬ್ರು ಎದ್ದು, ಲೂಸಿಯಾ ಹಂಗ ಮಂದಿ ಕಡೆ ರೊಕ್ಕ ಎತ್ತಬಹುದಲ್ಲ ಅಂದ್ರು. 2013ರ ಆ ಸಿನಿಮಾ ಮಂದಿ ರೊಕ್ಕದಾಗ ಆಗಿದ್ದು ಹೌದು, ಆದ್ರ ರೊಕ್ಕ ಕೊಟ್ಟವರಿಗೆಲ್ಲಾ ಲೆಕ್ಕ ಕೊಡಾಕ ನಿಮ್ಮ ಕಡೆ ತಾಕತ್ತೈತೇನು, ನೂರು ಮಂದಿ ಕಡೆ ಸಾಲ ಮಾಡಿದಂಗ ಅದು ಅಂದ್ರು ಸರ್. ನಮ್ಮ ಕಡೆ ಚೀಟಿ ನಡೆಸಿದವರಿಗೆ ಇದು ತಿಳೀತೈತಿ.

ಕೊನೀಗೆ ಹೇಳಿದ ಒಂದು ಮಾತು ನಾ ಯಾರ ಬಾಯಾಗೂ ಕೇಳಿರಲಿಲ್ಲ. ಹುಬ್ಬಳ್ಳಿಯಿಂದ ಸಿನಿಮಾ ಮಂದಿ ಇರೂ ಬೆಂಗಳೂರಿನ ಗಾಂಧಿನಗರ 400 ಕಿಲೋಮೀಟರ್ ಮ್ಯಾಲೆ, ಪಣಜಿ ಅದರರ್ಧದಷ್ಟು. ವರ್ಷಾ ನವೆಂಬರ್‌ನಾಗ ಇಫಿ ಅನ್ನೂ ಅಂತಾರಾಷ್ಟ್ರೀಯ ಸಿನಿಮಾ ಫೆಸ್ಟಿವಲ್ ಜೋಡಿ ಪಣಜಿಯೊಳಗ ಸರಕಾರದ ಸಿನಿಮಾ ನಿಗಮ ಎನ್‌ಎಫ್‌ಡಿಸಿಯವರ ಫಿಲ್ಮ್ ಬಜಾರ್ (ಈಗ ವೇವ್ಸ್ ಫಿಲ್ಮ್ ಬಜಾರ್ ಅಂತಾರ) ನಡೀತೈತಿ, 2007ರಿಂದ, ಅರ್ಧಂಬರ್ಧ ಆದ ಸಿನಿಮಾ, ಬರೇ ಸ್ಕ್ರಿಪ್ಟು ಇಟ್ಕೊಂಡು ಬೇರೆ ದೇಶದ ಪ್ರೊಡ್ಯೂಸರ್, ಫೆಸ್ಟಿವಲ್‌ದವರನ್ನ ಭೆಟ್ಟಿ ಆಗೂ ಸಂತಿ ಅದು. ನಾವು ಗೋವಾಕ್ಕ ಯಾವುದಕ್ಕ ಹೋಗ್ತೇವಿ ಅಂತ ಹೇಳೂದು ಬ್ಯಾಡ. ಈ ಸಲ ಇದಕ್ಕೊಮ್ಮೆ ಹೋಗಿ ಬರೂ ವಿಚಾರ ಐತಿ, ಹೆಂಡ್ತಿ ನಂಬಿದ್ರ.

ಈಗ ತಪ್ಪು ಹೇಳ್ತೇನಿ. ಒಂದು ಪ್ರಿಂಟೆಡ್ ಹಾಳಿನೂ ಕೊಡಲಿಲ್ಲ, 3,500 ತಗೊಂಡು ಬಜೆಟ್ ಶೀಟಿನ ನಮೂನಿ ಒಂದು ಝೆರಾಕ್ಸ್ ಮಾಡಿಸಾಕ ಏನಾಗಿತ್ತು? ಫ್ಯಾನ್ ಎರಡು ತಿರುಗ್ತಿರಲಿಲ್ಲ. ಹಾಲ್ ಎರಡನೇ ಮಾಳಗಿ, ಲಿಫ್ಟ್ ಇಲ್ಲ, ಒಬ್ಬ ಹಿರಿ ಮನಷ್ಯಾರು ಮೂರು ಸಲ ಕುಂತು ಕುಂತು ಹತ್ತಿದ್ರು. ಸರ್ ಮಾತಾಡೂ ನಡುವ ನಡುವ ಆರ್ಗನೈಜರ್ ಹುಡುಗ ಬಂದು "ಅಡ್ವಾನ್ಸ್ಡ್ ಬ್ಯಾಚ್ 25 ಸಾವಿರ, ಇವತ್ತ ಕಟ್ಟಿದ್ರ ಡಿಸ್ಕೌಂಟ್" ಅಂತ ಒದರೂದು, ಇದು ಮಾತ್ರ ಭಾಳ ಅಸಹ್ಯ ಆತು, ಸರ್ ಮಾರಿಯೊಳಗೂ ಅದು ಕಾಣತಿತ್ತು. ಆ ಅಡ್ವಾನ್ಸ್ಡ್ ಬ್ಯಾಚಿಗೆ ಸರ್ ಬರ್ತಾರೇನು ಅಂತ ನಾ ಕೇಳಿದ್ರ ಹುಡುಗ "ಇನ್ನೂ ಕನ್ಫರ್ಮ್ ಇಲ್ಲ" ಅಂದ. ಹಂಗಾದ್ರ ಕಟ್ಟಬ್ಯಾಡ್ರಿ, ಅಷ್ಟ ನನ್ನ ಮಾತು. ಟಿವಿ ಬಿಟ್ಟು ಈಗಿನ ಓಟಿಟಿ ವಿಷಯ ಅರ್ಧ ತಾಸಿನಾಗ ಹಾರಿಸಿಬಿಟ್ರು, ಸರ್‌ಗೂ ಅದರಾಗ ಆಸಕ್ತಿ ಕಮ್ಮಿ ಅಂತ ಅನಿಸ್ತು, ಹೊಸಾ ಹುಡುಗ್ರು ಬಂದದ್ದ ಅದಕ್ಕ.

ಊಟಕ್ಕ ಮಾತ್ರ ಹೆಸರಿಡಂಗಿಲ್ಲ. ಎರಡೂ ದಿನ ಬಿಸಿ ರೊಟ್ಟಿ, ಎಣ್ಣಿಗಾಯಿ, ಮಡಕಿ ಕಾಳ ಪಲ್ಯ, ಶೇಂಗಾ ಚಟ್ನಿ, ಮೊಸರು, ಬಡಿಸಿದ ಅಕ್ಕಾರು ಬ್ಯಾಡಂದ್ರೂ ಇನ್ನೊಂದು ಹಾಕಿದ್ರು. ರವಿವಾರ ಊಟ ಆದ ಮ್ಯಾಲೆ ಅರ್ಧ ಹಾಲು ನಿದ್ದಿಗೆ ಬಿದ್ದಿದ್ದು ಅದರ ತಪ್ಪ, ಪರ್ಮಿಷನ್ ಕ್ಲಾಸಿಂದಲ್ಲ.

ಯಾರು ಹೋಗಬೇಕು ಅಂದ್ರ, ಕ್ಯಾಮೆರಾ ಕಲಿಯಾಕ, ಆ್ಯಕ್ಟಿಂಗಿಗೆ ಬರಾವ್ರು ಹೋಗಬ್ಯಾಡ್ರಿ, ನಿಮ್ಮ ರೊಕ್ಕ ದಂಡ. ನಿಮ್ಮ ಗೆಳ್ಯಾನ ಸಿನಿಮಾಕ್ಕ ಹೊಲಾ ಮಾರಿ ರೊಕ್ಕ ಹಾಕಾಕ ತಯಾರಾದವರು ಇದ್ರ, ಅವರು ಮಾತ್ರ ತಪ್ಪದ ಹೋಗ್ರಿ, ಸರ್ ಇರೂ ಬ್ಯಾಚ್ ಅಂತ ಫೋನ್ ಮಾಡಿ ಕೇಳ್ಕೊಂಡ, ಮತ್ತ ಶನಿವಾರ ನಾಕು ಗಂಟೆಕ್ಕ ಹೋದ್ರ ಸಾಕು. ಐದರಾಗ ಮೂರು ಸ್ಟಾರ್ ಕೊಡ್ತೇನಿ, ಎರಡೂವರಿ ಸರ್‌ಗೆ, ಅರ್ಧ ಎಣ್ಣಿಗಾಯಿಗೆ.

ಹಾಂ, ಸರ್ಟಿಫಿಕೇಟಿನಾಗ ನನ್ನ ಅಡ್ಡಹೆಸರು ತಪ್ಪು ಬಿದ್ದೈತಿ. ತಿದ್ದಿ ಪೋಸ್ಟಿಗೆ ಹಾಕ್ತೇವಿ ಅಂದು ಮೂರು ವಾರ ಆತು, ಫೋನ್ ಎತ್ತವಲ್ರು, ಹುಡುಗಿ ಅಪ್ಪನಂಗ.